ನೀರೊಳಗಿನ ಕೈಸನ್ನೆ: ಗುಹೆ ಮತ್ತು ತಾಂತ್ರಿಕ ಡೈವಿಂಗ್ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಡುವ ದೋಣಿಯಲ್ಲಿ ಮೊದಲ ಸಲ ನೀರಿಗಿಳಿಯುವವರಿಗೆ ಹೇಳಿಕೊಡುವ ಸನ್ನೆಗಳು ಬೆರಳೆಣಿಕೆಯಷ್ಟು: ಸರಿ ಇದೆ, ಸರಿ ಇಲ್ಲ, ಮೇಲೆ, ಕೆಳಗೆ, ಕಿವಿ ನೋಯುತ್ತಿದೆ. ತರಬೇತುದಾರರು ಪಕ್ಕದಲ್ಲೇ ಇರುತ್ತಾರೆ, ತಲೆಯ ಮೇಲೆ ಬೆಳಕು ಕಾಣುತ್ತಿರುತ್ತದೆ, ಅಷ್ಟು ಸಾಕು. ತಲೆಯ ಮೇಲೆ ಬಂಡೆ ಬಂದಾಗ ಅಷ್ಟು ಸಾಲದು. ಗುಹೆಯೊಳಗೆ ಹೋದವರು ತೊಂದರೆಯಾಯಿತೆಂದು ನೇರವಾಗಿ ಮೇಲೇಳುವಂತಿಲ್ಲ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಆಳದಲ್ಲಿ ಹೆಚ್ಚು ಹೊತ್ತು ಕಳೆಯುವ ತಾಂತ್ರಿಕ ಡೈವರ್‌ಗಳಿಗೆ ಬಂಡೆಯ ಅಡ್ಡಿ ಇಲ್ಲದಿದ್ದರೂ ಮೇಲೇಳುವ ಸ್ವಾತಂತ್ರ್ಯವಿಲ್ಲ; ದೇಹದಲ್ಲಿ ಕರಗಿರುವ ಅನಿಲ ನಿಧಾನವಾಗಿ ಹೊರಹೋಗಲು ಅಲ್ಲಲ್ಲಿ ನಿಂತು ಬರಬೇಕು. ಹೊರದಾರಿ ಇಷ್ಟು ದೂರವಾದಾಗ ಕೈಯ ಮಾತಿನಲ್ಲಿ ಅಂದಾಜಿಗೆ ಜಾಗ ಉಳಿಯುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೆಸರಾಂತ ಗುಹೆಗಳು ಒಣ ಗುಹೆಗಳು. ಯಾಣಕ್ಕಾಗಲಿ ಕವಳಾಕ್ಕಾಗಲಿ ಸಿಲಿಂಡರ್ ಹೊತ್ತು ಹೋಗಬೇಕಿಲ್ಲ. ನೀರು ತುಂಬಿದ ಗುಹೆಗಳ ಡೈವಿಂಗ್ ಹೆಚ್ಚು ಬೆಳೆದದ್ದು ಅಮೆರಿಕದ ಫ್ಲೋರಿಡಾದ ಬುಗ್ಗೆಗಳಲ್ಲಿ, ಮೆಕ್ಸಿಕೋದ ಯುಕಟಾನ್ ಪ್ರದೇಶದ ಸೆನೋಟೆ ಎಂಬ ಹೊಂಡಗಳಲ್ಲಿ. ಆದರೆ ಸನ್ನೆ ಕಲಿಯಲು ಗುಹೆಯೇ ಬೇಕೆಂದಿಲ್ಲ, ಕಾರವಾರದ ಮರಳು ಸಾಕು. ಜೊತೆಗೆ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಮಳೆಗಾಲದಲ್ಲಿ ತಂದು ಸುರಿಯುವ ಕೆಂಪು ನೀರು ಪೂರ್ತಿ ತಿಳಿಯಾಗುವ ಮೊದಲೇ ಡೈವ್ ಮಾಡಿದವರಿಗೆ, ಚಾಚಿದ ಕೈ ಮಸುಕಾಗಿ ಕಾಣುವುದೆಂದರೆ ಏನು ಎಂಬುದು ಗೊತ್ತಿರುತ್ತದೆ. ಈ ಬರಹ ತರಬೇತಿಗೆ ಬದಲಿಯಲ್ಲ ಎಂಬುದನ್ನು ಒಮ್ಮೆ ಹೇಳಿ ಮುಂದೆ ಹೋಗುತ್ತೇನೆ: ಗುಹೆ ಡೈವಿಂಗ್‌ನ ಕೋರ್ಸ್ ಮಾಡದೆ ಗುಹೆಯ ಬಾಯಿಯಿಂದ ಒಳಗೆ ಹೋಗಬಾರದು.

ಮೊದಲ ಹಂತ: ದಡದ ಸನ್ನೆಗಳನ್ನು ಬಿಟ್ಟು ಬರುವುದು

ಹೊಸ ಸನ್ನೆ ಕಲಿಯುವುದಕ್ಕಿಂತ ಹಳೆಯದನ್ನು ಬಿಡುವುದು ಕಷ್ಟ. ನಾವು ಮಾತಿನಷ್ಟೇ ಕೈಯಲ್ಲೂ ಮಾತಾಡುವ ಜನ. ಆ ಕೈಮಾತಿನಲ್ಲಿ ನಾಲ್ಕೈದು ನೀರಿನಲ್ಲಿ ನೇರ ಅಪಾಯ ತರುತ್ತವೆ.

ಮೊದಲನೆಯದು ಹೆಬ್ಬೆರಳು. ಮೀನಿನ ಹಿಂಡು ಕಂಡ ಖುಷಿಗೆ ಹೆಬ್ಬೆರಳು ಎತ್ತಿದರೆ ‘ಸೊಗಸಾಗಿದೆ’ ಎಂದಾಗುವುದಿಲ್ಲ, ‘ಡೈವ್ ಮುಗಿಯಿತು, ಹೊರಡೋಣ’ ಎಂದಾಗುತ್ತದೆ. ಕಲಿತ ಜೊತೆಗಾರರಿದ್ದರೆ ಮರುಮಾತಿಲ್ಲದೆ ನಿಮ್ಮನ್ನು ಹೊರಗೆ ಕರೆದೊಯ್ಯುತ್ತಾರೆ, ಹಾಗೆ ಮಾಡುವುದೇ ಸರಿ.

ಎರಡನೆಯದು ಮಣಿಕಟ್ಟು ತಿರುವಿ ‘ಏನು?’ ಎಂದು ಕೇಳುವ ಅಭ್ಯಾಸ. ಚಪ್ಪಟೆ ಅಂಗೈಯನ್ನು ಅತ್ತಿತ್ತ ಓಲಾಡಿಸಿದರೆ ನೀರಿನಲ್ಲಿ ‘ತೊಂದರೆ ಇದೆ’ ಎಂದರ್ಥ. ಮಂದ ಬೆಳಕಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಪ್ರಶ್ನೆಗೆ ಬೇರೆಯೇ ಸನ್ನೆಯಿದೆ: ತೋರುಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ ಎತ್ತಿ ಹಿಡಿಯುವುದು.

ಮೂರನೆಯದು ತಲೆ ಆಡಿಸುವುದು. ಹೌದು, ಇಲ್ಲ, ಇರಬಹುದು, ನೋಡೋಣ, ಇಷ್ಟನ್ನೂ ನಾವು ಕುತ್ತಿಗೆಯಲ್ಲೇ ಹೇಳಿಬಿಡುತ್ತೇವೆ. ಮಾಸ್ಕ್ ತೊಟ್ಟು ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿದ ಮುಖಕ್ಕೆ ಭಾವವೇ ಇರುವುದಿಲ್ಲ, ಆಡುವ ತಲೆಗೆ ಅರ್ಥವೂ ಇರುವುದಿಲ್ಲ. ಬೆರಳ ಗೆರೆಗಳ ಮೇಲೆ ಹೆಬ್ಬೆರಳು ಓಡಿಸಿ ಎಣಿಸುವ ನಮ್ಮ ಲೆಕ್ಕವೂ ಎದುರಿನವರಿಗೆ ಕಾಣುವಂಥದ್ದಲ್ಲ.

ನೀರಿನ ಮೇಲೆ ಬಂದ ಮೇಲೂ ಒಂದು ಎಚ್ಚರಿಕೆ ಬೇಕು. ದೋಣಿಯತ್ತ ಕೈ ಬೀಸುವುದು ಡೈವಿಂಗ್‌ನಲ್ಲಿ ‘ಕಾಪಾಡಿ’ ಎಂಬ ಕೂಗು. ನೇತ್ರಾಣಿಯ ಬಳಿ ಸಂಭ್ರಮಕ್ಕೆ ಕೈ ಬೀಸುವ ಪ್ರವಾಸಿಗರನ್ನು ಕಂಡು ದೋಣಿಯವರು ಎಂಜಿನ್ ಚಾಲೂ ಮಾಡಿದರೆ ತಪ್ಪು ಅವರದಲ್ಲ. ಸರಿ ಇದ್ದೇನೆ ಎನ್ನಲು ತೋಳನ್ನು ಎತ್ತಿ ಬಾಗಿಸಿ ಬೆರಳ ತುದಿಗಳಿಂದ ನೆತ್ತಿ ಮುಟ್ಟಬೇಕು. ದೂರದಿಂದ ದೊಡ್ಡ ಸೊನ್ನೆಯ ಹಾಗೆ ಕಾಣುತ್ತದೆ.

ಎರಡನೆಯ ಹಂತ: ಮೂರು ಆಜ್ಞೆಗಳು

ಗುಹೆ ಡೈವಿಂಗ್‌ನಲ್ಲಿ ಹತ್ತಾರು ಸನ್ನೆಗಳಿದ್ದರೂ ಆಜ್ಞೆಯ ಸ್ಥಾನ ಇರುವುದು ಮೂರಕ್ಕೆ ಮಾತ್ರ. ಇವು ಬಂದಾಗ ಅದೇ ಸನ್ನೆಯನ್ನು ತಿರುಗಿ ತೋರಿಸಲೇಬೇಕು. ತಿರುಗಿ ಬರುವವರೆಗೆ ಸನ್ನೆ ಮಾಡಿದವರು ತಮ್ಮ ಮಾತು ತಲುಪಿಲ್ಲ ಎಂದೇ ತಿಳಿಯಬೇಕು. ಇಡೀ ವಿದ್ಯೆಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಈ ನಿಯಮವನ್ನು.

‘ಸರಿ’: ಹೆಬ್ಬೆರಳು ಮತ್ತು ತೋರುಬೆರಳ ತುದಿ ಸೇರಿಸಿ ಉಂಗುರ, ಉಳಿದ ಮೂರು ಬೆರಳು ನೇರ. ಇದು ಪ್ರಶ್ನೆಯೂ ಹೌದು, ಉತ್ತರವೂ ಹೌದು. ‘ಸರಿಯೇ?’ ಎಂದು ಕೇಳಿದಾಗ ಸರಿಯಿಲ್ಲದಿದ್ದರೆ ಉಂಗುರ ತೋರಿಸಬಾರದು. ಇದು ಹೇಳಲೇಬೇಕಾದ ಮಾತೇ ಎಂದು ಅನ್ನಿಸಬಹುದು. ಆದರೆ ದಾಕ್ಷಿಣ್ಯಕ್ಕೆ ‘ಹೂಂ’ ಎನ್ನುವ ನಮ್ಮ ಗುಣ ನೀರಿನಲ್ಲೂ ಬಿಡುವುದಿಲ್ಲ. ಕೆಮ್ಮುತ್ತಲೇ ಉಂಗುರ ತೋರಿಸುವವರಿದ್ದಾರೆ.

‘ನಿಲ್ಲು’: ಮುಷ್ಟಿ ಕಟ್ಟಿ ಮುಂದೆ ಎತ್ತಿ ಹಿಡಿಯುವುದು. ನೋಡಿದವರು ಇದ್ದಲ್ಲೇ ತೇಲುತ್ತ ನಿಲ್ಲಬೇಕು, ತಾವೂ ಮುಷ್ಟಿ ತೋರಿಸಬೇಕು. ಸಾಮಾನ್ಯ ಸ್ಕೂಬಾದಲ್ಲಿ ಮುಷ್ಟಿಯನ್ನು ಎದೆಗೆ ಒತ್ತಿಕೊಂಡರೆ ‘ಗಾಳಿ ಕಡಿಮೆಯಾಗಿದೆ’ ಎಂದರ್ಥ. ಎರಡೂ ಪದ್ಧತಿ ಕಲಿತವರು ಒಂದೇ ತಂಡದಲ್ಲಿದ್ದರೆ ಈ ಮುಷ್ಟಿಯ ವಿಷಯವನ್ನು ದೋಣಿಯಲ್ಲೇ ಇತ್ಯರ್ಥ ಮಾಡಿಕೊಳ್ಳಿ.

‘ಹೊರಡು’: ಎತ್ತಿದ ಹೆಬ್ಬೆರಳು. ಗುಹೆಯಲ್ಲಿ ಇದರ ಅರ್ಥ ತಿರುಗಿ ಹೊರದಾರಿ ಹಿಡಿಯುವುದು. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಇದನ್ನು ತೋರಿಸಬಹುದು. ಇದಕ್ಕೆ ವಾದವಿಲ್ಲ, ‘ಇನ್ನು ಸ್ವಲ್ಪ ದೂರ’ ಇಲ್ಲ, ಮೇಲೆ ಬಂದ ಮೇಲೆ ಕೊಂಕು ನುಡಿಯುವುದೂ ಇಲ್ಲ. ತಂಡದಲ್ಲಿ ಅತಿ ಹಿರಿಯರು ನೀವಾಗಿದ್ದು ಅತಿ ಕಿರಿಯರು ಹೆಬ್ಬೆರಳು ಎತ್ತಿದರೂ ನಿಮ್ಮ ಹೆಬ್ಬೆರಳು ಏಳಬೇಕು. ತಿರುಗಿದಾಗ ಸಾಲಿನ ಕ್ರಮವೂ ತಿರುಗುತ್ತದೆ: ಕೊನೆಯಲ್ಲಿ ಬಂದವರು ಮೊದಲು ಹೊರಡುತ್ತಾರೆ, ದಾರಿಯ ಹಗ್ಗ ಸುತ್ತಿದ ರೀಲ್ ಹಿಡಿದು ಮುಂದೆ ಹೋದವರು ಕೊನೆಯಲ್ಲಿ ಬರುತ್ತಾರೆ.

ಮೂರನೆಯ ಹಂತ: ಕೈ ಎಲ್ಲಿರಬೇಕು

ಪುಸ್ತಕದ ಚಿತ್ರಗಳಲ್ಲಿ ಕೈ ಬಿಳಿ ಹಾಳೆಯ ಮೇಲಿರುತ್ತದೆ. ಗುಹೆಯಲ್ಲಿ ಕಪ್ಪು ಕೈಗವಸು ತೊಟ್ಟ ಕೈ, ಕಪ್ಪು ಸೂಟಿನ ಮುಂದೆ, ಕತ್ತಲೆಯಲ್ಲಿ ಇರುತ್ತದೆ. ಹಾಗಾಗಿ ಸನ್ನೆಯಷ್ಟೇ ಮುಖ್ಯ ಅದರ ಮೇಲೆ ಬೀಳುವ ಬೆಳಕು.

ಟಾರ್ಚ್ ಎಡಗೈಯಲ್ಲಿರಲಿ, ಸನ್ನೆ ಬಲಗೈಯಿಂದ ಬರಲಿ. ಬಲಗೈಯನ್ನು ಎದೆಯಿಂದ ಒಂದು ಗೇಣು ಆಚೆ, ಪಕ್ಕಕ್ಕೆ ತನ್ನಿ. ಹಿಂದೆ ದೇಹವಿಲ್ಲದೆ ಖಾಲಿ ನೀರು ಇದ್ದರೆ ಬೆರಳ ಅಂಚುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಟಾರ್ಚಿನ ಬೆಳಕನ್ನು ಆ ಕೈಯ ಮೇಲೆ ಓರೆಯಾಗಿ ಬಿಡಿ. ಜೊತೆಗಾರರ ಕಣ್ಣಿಗೆ ಬಿಡಬೇಡಿ. ಕತ್ತಲೆಗೆ ಹೊಂದಿಕೊಂಡ ಕಣ್ಣು ಒಮ್ಮೆ ಕುಕ್ಕಿದರೆ ಮುಂದಿನ ಸನ್ನೆ ಕಾಣುವುದೇ ಇಲ್ಲ. ಸನ್ನೆಯನ್ನು ತೋರಿಸಿ ಹಾಗೆಯೇ ಹಿಡಿದಿರಿ. ಗಡಿಬಿಡಿಯಲ್ಲಿ ಬೆರಳು ಕುಣಿಸುವವರ ಮಾತು ಅರ್ಧವೂ ತಲುಪುವುದಿಲ್ಲ. ಮೂವತ್ತು ಮೀಟರ್ ದಾಟಿದಂತೆ ಸಾರಜನಕದ ಮಂಪರು ಬುದ್ಧಿಯನ್ನು ಮಂದ ಮಾಡುವುದರಿಂದ ನಿಧಾನ ಇನ್ನಷ್ಟು ಬೇಕು. ಎಂದಿನಂತೆ ಥಟ್ಟನೆ ಉತ್ತರಿಸುವ ಜೊತೆಗಾರರು ಸುಮ್ಮನೆ ನಿಮ್ಮ ಕೈಯನ್ನೇ ನೋಡುತ್ತಿದ್ದರೆ ಆ ತಡವೂ ಒಂದು ಸುದ್ದಿ ಎಂದು ತಿಳಿಯಿರಿ.

ಕೂಗಿ ಕರೆಯುವುದು ಕೆಲಸಕ್ಕೆ ಬಾರದು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಎಂದರೆ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಎರಡೂ ಕಿವಿಗೆ ಒಟ್ಟಿಗೇ ಬಂದಂತಾಗಿ, ಯಾರೋ ಸಿಲಿಂಡರ್ ಬಡಿಯುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಯಾವ ಕಡೆಯಿಂದ ಎಂಬುದು ತಿಳಿಯುವುದಿಲ್ಲ.

ನಾಲ್ಕನೆಯ ಹಂತ: ಒಂದೇ ಕೈಯ ಅಂಕಿಗಳು

ಇನ್ನೊಂದು ಕೈಯಲ್ಲಿ ಟಾರ್ಚ್ ಅಥವಾ ರೀಲ್ ಇರುವುದರಿಂದ ಒಂದರಿಂದ ಒಂಬತ್ತರವರೆಗೆ ಒಂದೇ ಕೈಯಲ್ಲಿ ತೋರಿಸಬೇಕು. ಒಂದರಿಂದ ಐದಕ್ಕೆ ಬೆರಳುಗಳು ಮೇಲ್ಮುಖ. ಆರಕ್ಕೆ ತೋರುಬೆರಳೊಂದನ್ನೇ ಅಡ್ಡ ಹಿಡಿಯುವುದು. ಏಳಕ್ಕೆ ಎರಡು, ಎಂಟಕ್ಕೆ ಮೂರು, ಒಂಬತ್ತಕ್ಕೆ ನಾಲ್ಕು ಬೆರಳು ಅಡ್ಡ. ಸೊನ್ನೆಗೆ ಎಲ್ಲ ಬೆರಳು ಬಾಗಿಸಿ ಹೆಬ್ಬೆರಳಿಗೆ ಸೇರಿಸಿದ ಗೋಲ. ಉಳಿದ ಬೆರಳು ನೆಟ್ಟಗೆ ನಿಂತರೆ ಅದು ‘ಸರಿ’ ಆಗಿಬಿಡುತ್ತದೆ.

ದೊಡ್ಡ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಹೇಳಬೇಕು: 170 ಎಂದರೆ ಒಂದು, ಏಳು, ಸೊನ್ನೆ. ‘ಎಷ್ಟು ಗಾಳಿ ಉಳಿದಿದೆ?’ ಎಂದು ಕೇಳಲು ಎರಡು ಬೆರಳನ್ನು ಇನ್ನೊಂದು ಅಂಗೈಗೆ ತಟ್ಟಬೇಕು. ಉತ್ತರ ಬಂದ ಮೇಲೆ ಕೇಳಿದವರು ಅದೇ ಅಂಕಿಗಳನ್ನು ಮರಳಿ ತೋರಿಸಿದರೆ ಆರು ಎಂಬುದು ಒಂದಾಗಿ ಕಂಡಿತ್ತೇ ಎಂಬ ಅನುಮಾನ ಅಲ್ಲೇ ತೀರುತ್ತದೆ.

ಈ ಅಂಕಿಗಳ ಮೇಲೆ ನಿಂತಿರುವುದು ಗುಹೆ ಡೈವಿಂಗ್‌ನ ಮೂರನೇ ಒಂದರ ನಿಯಮ: ಗಾಳಿಯ ಮೂರನೇ ಒಂದು ಭಾಗ ಹೋಗಲು, ಒಂದು ಬರಲು, ಉಳಿದ ಒಂದು ಮುಟ್ಟದ ಗಂಟು. ಲೆಕ್ಕ ಹೀಗೆ: ಇಬ್ಬರದೂ ಒಂದೇ ಅಳತೆಯ ಸಿಲಿಂಡರ್, ಒಬ್ಬರಲ್ಲಿ 200 ಬಾರ್ (ಸಿಲಿಂಡರಿನ ಗಾಳಿಯ ಒತ್ತಡದ ಅಳತೆ), ಇನ್ನೊಬ್ಬರಲ್ಲಿ 180 ಬಾರ್. ಕಡಿಮೆ ಇರುವವರದೇ ಲೆಕ್ಕ. 180ರ ಮೂರನೇ ಒಂದು 60. ಮೊದಲಿನವರು 140ಕ್ಕೆ, ಎರಡನೆಯವರು 120ಕ್ಕೆ ತಿರುಗಬೇಕು. ಯಾರ ಗಾಳಿಯ ಒತ್ತಡದ ಮೀಟರ್ ಮೊದಲು ಆ ಅಂಕಿ ಮುಟ್ಟುತ್ತದೋ ಅವರು ಹೆಬ್ಬೆರಳು ಎತ್ತುತ್ತಾರೆ. ಈ ಎರಡು ಸಂಖ್ಯೆಗಳನ್ನು ಒಳಗೆ ಹೋಗುವ ಮೊದಲೇ ಪರಸ್ಪರ ತೋರಿಸಿಕೊಂಡಿರಬೇಕು. ಸಾಗುತ್ತ ಸಾಗುತ್ತ ಲೆಕ್ಕ ಹಾಕುತ್ತೇನೆ ಎನ್ನುವವರ ಜೊತೆ ನಾನಂತೂ ಹೋಗುವುದಿಲ್ಲ.

ಐದನೆಯ ಹಂತ: ಸುದ್ದಿ ಹೇಳುವ ಸನ್ನೆಗಳು

ಇವು ಆಜ್ಞೆಗಳಲ್ಲ, ಮಾಹಿತಿ. ಉತ್ತರವಾಗಿ ‘ಸರಿ’ ತೋರಿಸಿದರೆ ಸಾಕು.

ಹಗ್ಗ: ತೋರುಬೆರಳ ಮೇಲೆ ಮಧ್ಯದ ಬೆರಳನ್ನು ಹೆಣೆಯುವುದು. ಗುಹೆಯ ಬಾಯಿಯಿಂದ ಒಳಗಿನವರೆಗೆ ಎಳೆದ ಮಾರ್ಗದ ಹಗ್ಗವೇ ಹೊರದಾರಿಯಾದ್ದರಿಂದ ಈ ಸನ್ನೆಗೆ ಬಹಳ ಕೆಲಸ. ಹೆಣೆದ ಬೆರಳನ್ನು ಎಂಟರ ಆಕಾರದಲ್ಲಿ ಆಡಿಸಿದರೆ ‘ಹಗ್ಗಕ್ಕೆ ಸಿಕ್ಕಿಕೊಂಡಿದ್ದೇನೆ’. ಆಗ ಸಿಕ್ಕಿಕೊಂಡವರು ಅಲುಗಾಡಬಾರದು. ಬಿಡಿಸುವ ಕೆಲಸ ನೋಡಬಲ್ಲವರದು. ಬೀಸುಬಲೆ, ಬೀಡುಬಲೆಯ ತುಂಡುಗಳು ಬಂಡೆಗೆ ಸುತ್ತಿಕೊಂಡಿರುವ ನಮ್ಮ ಕಡಲಿನಲ್ಲೂ ಉಪಯೋಗಕ್ಕೆ ಬರುವ ಸನ್ನೆ ಇದು. ಕತ್ತರಿಸಬೇಕೆಂದರೆ ಎರಡು ಬೆರಳಿನ ಕತ್ತರಿ, ಮಕ್ಕಳ ಆಟದಲ್ಲಿರುವಂತೆಯೇ. ಮಾರ್ಗದ ಹಗ್ಗವನ್ನು ಮಾತ್ರ ಬೇರೆ ಯಾವ ದಾರಿಯೂ ಇಲ್ಲದೆ ಕತ್ತರಿಸಬಾರದು.

ಗುಳ್ಳೆ: ಬೆರಳ ತುದಿಗಳನ್ನು ಮೇಲ್ಮುಖವಾಗಿ ಕೂಡಿಸಿ ಬಿಚ್ಚಿ ಮಾಡುವುದು. ನಿಮ್ಮ ಬೆನ್ನ ಹಿಂದಿನ ಕವಾಟದಿಂದ ಗಾಳಿ ಸೋರುತ್ತಿದ್ದರೆ ನಿಮಗೆ ಕಾಣುವುದಿಲ್ಲ. ಜೊತೆಗಾರರು ನಿಮ್ಮನ್ನು ತೋರಿಸಿ ಈ ಸನ್ನೆ ಮಾಡಿದರೆ ಗಂಭೀರವಾಗಿ ತೆಗೆದುಕೊಳ್ಳಿ.

ಹೂಳು: ಬೆರಳ ತುದಿಗಳನ್ನು ಹೆಬ್ಬೆರಳಿಗೆ ಉಜ್ಜುವುದು. ಬೀದಿಯಲ್ಲಿ ಇದು ‘ದುಡ್ಡು ಬೇಕು’ ಎಂಬ ಸನ್ನೆ. ಗುಹೆಯ ನೆಲದ ನುಣ್ಣನೆ ಕೆಸರು ಕಾಲಿಗೆ ತೊಟ್ಟ ಫಿನ್‌ನ ಒಂದು ಏಟಿಗೆ ಎದ್ದು, ಮತ್ತೆ ಕೂರಲು ಗಂಟೆಗಟ್ಟಲೆ ಬೇಕಾಗಬಹುದು.

ತೊಂದರೆ ಹೇಳಲು ಒಂದು ಕ್ರಮ ಇಟ್ಟುಕೊಳ್ಳಿ: ಮೊದಲು ಓಲಾಡುವ ಅಂಗೈ, ಆಮೇಲೆ ತೊಂದರೆಯ ಜಾಗವನ್ನು ತೋರಿಸುವುದು (ಕಿವಿ, ಮಾಸ್ಕ್, ಟಾರ್ಚ್), ಕೊನೆಗೆ ಏನು ಮಾಡೋಣ ಎಂಬ ಸನ್ನೆ. ಇಷ್ಟಕ್ಕೂ ಮಾತು ತಿಳಿಯದಿದ್ದರೆ ಬರೆಯುವ ಅಭಿನಯ ಮಾಡಿ, ಜೇಬಿನಿಂದ ನೀರಿನಲ್ಲಿ ಬರೆಯಬಹುದಾದ ಪುಟ್ಟ ಪುಸ್ತಕ ತೆಗೆಯಿರಿ. ಮೂರು ಸಲ ತಪ್ಪಾಗಿ ಅರ್ಥವಾದ ಸನ್ನೆಯನ್ನು ನಾಲ್ಕನೇ ಸಲ ಜೋರಾಗಿ ಮಾಡುವುದರಲ್ಲಿ ಹುರುಳಿಲ್ಲ.

ಕಿರುಬೆರಳು: ತಾಂತ್ರಿಕ ಡೈವರ್‌ಗಳ ವಿಶೇಷ ಸನ್ನೆ. ಎತ್ತಿದ ಕಿರುಬೆರಳೆಂದರೆ ‘ಡಿಕಂಪ್ರೆಷನ್ (ದೇಹದಲ್ಲಿ ಕರಗಿದ ಅನಿಲ ನಿಧಾನವಾಗಿ ಹೊರಹೋಗುವುದು) ಬಾಕಿ ಇದೆ, ನಿಂತು ಬರಬೇಕು’. ನಮ್ಮ ಶಾಲೆಗಳಲ್ಲಿ ಕಿರುಬೆರಳು ಎತ್ತಿದ ಮಗು ಕೇಳುವುದು ತಕ್ಷಣ ಹೊರಗೆ ಬಿಡಿ ಎಂದು. ಇಲ್ಲಿ ಅದೇ ಬೆರಳು ಹೇಳುವುದು ತಕ್ಷಣ ಹೊರಗೆ ಹೋಗುವಂತಿಲ್ಲ ಎಂದು. ಕಿರುಬೆರಳಿನ ನಂತರ ಅಂಕಿಗಳು ಬರುತ್ತವೆ. ಆಳ ಮೊದಲೋ ಸಮಯ ಮೊದಲೋ ಎಂಬುದನ್ನು ತಂಡ ನಿಶ್ಚಯಿಸಿಕೊಂಡಿರಬೇಕು. ಆಳ ಮೊದಲು ಎಂದಿದ್ದರೆ: ಕಿರುಬೆರಳು, ಅಡ್ಡ ಹಿಡಿದ ಒಂದು ಬೆರಳು, ಮೇಲ್ಮುಖ ಮೂರು ಬೆರಳು. ಆರು ಮೀಟರಿನಲ್ಲಿ ಮೂರು ನಿಮಿಷ. ನಿಲ್ಲುವ ಆಳ ಬಂದಾಗ ಅಂಗೈಯನ್ನು ಕೆಳಮುಖ ಮಾಡಿ ಅಡ್ಡಲಾಗಿ ಆಡಿಸಿದರೆ ‘ಇದೇ ಮಟ್ಟದಲ್ಲಿರು’.

ಆರನೆಯ ಹಂತ: ಗಾಳಿ ಮುಗಿದಾಗ

ಚಪ್ಪಟೆ ಕೈಯಿಂದ ಕುತ್ತಿಗೆ ಕೊಯ್ಯುವಂತೆ ಸನ್ನೆ. ಇದಕ್ಕೆ ಮರುಸನ್ನೆ ಇಲ್ಲ, ಉತ್ತರವೆಂದರೆ ರೆಗ್ಯುಲೇಟರ್ ಕೈಗೆ ಕೊಡುವುದು. ಗುಹೆ ಡೈವರ್‌ಗಳು ತಮ್ಮ ಬಾಯಿಯಲ್ಲಿರುವುದನ್ನೇ ತೆಗೆದು ಕೊಡುತ್ತಾರೆ, ಏಕೆಂದರೆ ಅದು ಕೆಲಸ ಮಾಡುತ್ತಿದೆ ಎಂಬುದು ಆ ಕ್ಷಣಕ್ಕೆ ಖಚಿತ. ತಾವು ಕುತ್ತಿಗೆಗೆ ತೂಗುಹಾಕಿಕೊಂಡ ಎರಡನೆಯದನ್ನು ಬಾಯಿಗೆ ಇಟ್ಟುಕೊಳ್ಳುತ್ತಾರೆ. ಕೊಡುವ ಕೊಳವೆ ಸುಮಾರು ಎರಡು ಮೀಟರ್ ಉದ್ದವಿರುತ್ತದೆ, ಇಕ್ಕಟ್ಟಿನಲ್ಲಿ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಬರಲು ಅನುಕೂಲವಾಗಲೆಂದು. ಉಸಿರು ಹಿಡಿತಕ್ಕೆ ಬಂದ ಮೇಲೆ ‘ಸರಿಯೇ?’, ‘ಸರಿ’, ಹೆಬ್ಬೆರಳು, ಹೆಬ್ಬೆರಳು. ಆಮೇಲಷ್ಟೇ ಹೊರಡುವುದು.

ಏಳನೆಯ ಹಂತ: ಬೆಳಕಿನ ಮಾತು

ಸಾಲಾಗಿ ಈಜುವಾಗ ಮುಂದಿನವರು ಪದೇ ಪದೇ ಹಿಂತಿರುಗಿ ನೋಡಲಾಗುವುದಿಲ್ಲ. ಹಾಗಾಗಿ ಹಿಂದಿನವರು ತಮ್ಮ ಟಾರ್ಚಿನ ಬೆಳಕನ್ನು ಮುಂದಿನವರಿಗೆ ಕಾಣುವಂತೆ ಗೋಡೆಯ ಮೇಲೋ ನೆಲದ ಮೇಲೋ ಬಿಟ್ಟಿರುತ್ತಾರೆ. ಆ ಬೆಳಕು ಸಮಾಧಾನದಿಂದ ಜೊತೆಗೆ ಬರುತ್ತಿದ್ದರೆ ಹಿಂದೆ ಎಲ್ಲ ಸರಿಯಿದೆ ಎಂದರ್ಥ. ನಿಧಾನವಾಗಿ ಬರೆದ ವೃತ್ತ ‘ಸರಿಯೇ?’ ಎಂಬ ಪ್ರಶ್ನೆ, ಎದುರಿನ ವೃತ್ತ ಅದಕ್ಕೆ ಉತ್ತರ. ನಿಧಾನವಾಗಿ ಅತ್ತಿತ್ತ ಆಡಿಸಿದರೆ ‘ಇತ್ತ ನೋಡು’. ವೇಗವಾಗಿ, ಗಾಬರಿಯಲ್ಲಿ ಬಡಿದಾಡಿದ ಬೆಳಕು ತುರ್ತು ಕರೆ. ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಬೇಕು.

ಇದರಿಂದಾಗಿ ಟಾರ್ಚನ್ನು ಸುಮ್ಮನೆ ಅಡ್ಡಾದಿಡ್ಡಿ ಬೀಸುವವರು ಬಾಯಿಬಡುಕರಿದ್ದಂತೆ: ನಿಜವಾದ ಕೂಗು ಬಂದಾಗ ಯಾರೂ ಕಿವಿಗೊಡುವುದಿಲ್ಲ. ಹಿಂದಿನ ಬೆಳಕು ಕಾಣದಾದರೆ ನಿಂತು ತಿರುಗಿ ನೋಡಿ. ಟಾರ್ಚ್ ಕೆಟ್ಟಿರಬಹುದು, ಗುಹೆಗೆ ಹೋಗುವ ಪ್ರತಿಯೊಬ್ಬರ ಬಳಿ ಮುಖ್ಯ ಟಾರ್ಚ್ ಒಂದು, ಹೆಚ್ಚುವರಿ ಎರಡು ಇರಬೇಕೆಂಬ ನಿಯಮ ಇರುವುದು ಇದಕ್ಕೇ.

ಎಂಟನೆಯ ಹಂತ: ಏನೂ ಕಾಣದಾದಾಗ

2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಹನ್ನೆರಡು ಹುಡುಗರೂ ಅವರ ಫುಟ್ಬಾಲ್ ತರಬೇತುದಾರರೂ ಸಿಕ್ಕಿಬಿದ್ದದ್ದು ನೆನಪಿರಬಹುದು. ಜುಲೈ 2ರಂದು ಅವರನ್ನು ಪತ್ತೆ ಹಚ್ಚಿದ ಬ್ರಿಟಿಷ್ ಡೈವರ್‌ಗಳಾದ ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂತೆನ್ ಹೋದದ್ದು ಮಳೆನೀರು ನುಗ್ಗಿ ಕೆಸರಾದ ದಾರಿಯಲ್ಲಿ. ಜುಲೈ 10ರ ವೇಳೆಗೆ ಎಲ್ಲರನ್ನೂ ಹೊರತಂದಾಗಲೂ ಡೈವರ್‌ಗಳಿಗೆ ಆಸರೆಯಾದದ್ದು ಕೈಯಲ್ಲಿ ಹಿಡಿದ ಹಗ್ಗ. ಅಂಥ ನೀರಿನಲ್ಲಿ ಕೈಸನ್ನೆಗೂ ಟಾರ್ಚಿಗೂ ಬೆಲೆಯಿಲ್ಲ, ಉಳಿಯುವುದು ಸ್ಪರ್ಶ.

ಹೆಬ್ಬೆರಳು ಮತ್ತು ತೋರುಬೆರಳಿನ ಉಂಗುರದೊಳಗೆ ಹಗ್ಗ ಜಾರುವಂತೆ ಹಿಡಿಯಿರಿ, ಎಳೆಯಬೇಡಿ. ಹಿಂದಿನವರು ಇನ್ನೊಂದು ಕೈಯಿಂದ ಮುಂದಿನವರ ತೋಳನ್ನೋ ಮೀನಖಂಡವನ್ನೋ ಹಿಡಿಯುತ್ತಾರೆ. ಸಾಮಾನ್ಯ ಒಪ್ಪಂದ ಹೀಗಿರುತ್ತದೆ: ಮುಂದಕ್ಕೆ ತಳ್ಳಿದರೆ ‘ನಡೆ’, ಒಮ್ಮೆ ಗಟ್ಟಿಯಾಗಿ ಹಿಚುಕಿದರೆ ‘ನಿಲ್ಲು’, ಹಿಂದಕ್ಕೆ ಎಳೆದರೆ ‘ಹಿಂದೆ ಬಾ’. ತರಬೇತಿ ಸಂಸ್ಥೆಯಿಂದ ಸಂಸ್ಥೆಗೆ ಇದು ಬದಲಾಗುವುದರಿಂದ ಜೊತೆಗಾರರು ಎಲ್ಲಿ ಕಲಿತರೆಂದು ಕೇಳಿ ತಿಳಿದಿರಬೇಕು. ಹಗ್ಗದ ಮೇಲೆ ಸಿಗುವ ತ್ರಿಕೋನದ ಪ್ಲಾಸ್ಟಿಕ್ ಬಾಣದ ಮೊನೆ ಯಾವ ಕಡೆಗಿದೆಯೋ ಆ ಕಡೆ ಹತ್ತಿರದ ಹೊರದಾರಿ. ಅದನ್ನು ಕಣ್ಣಿಗಿಂತ ಬೆರಳಿಗೆ ಅಭ್ಯಾಸ ಮಾಡಿಸಬೇಕು.

ಒಂಬತ್ತನೆಯ ಹಂತ: ಮರಳಿನ ಮೇಲೆ ಅಭ್ಯಾಸ

ಮಳೆಗಾಲದಲ್ಲಿ ಡೈವಿಂಗ್ ದೋಣಿಗಳು ದಡ ಸೇರಿರುತ್ತವೆ. ಸನ್ನೆ ಕಲಿಯಲು ಅದೇ ಒಳ್ಳೆಯ ಕಾಲ. ದೇವಬಾಗದ ಗಾಳಿಮರಗಳ ನಡುವೆ ಮಂಡಿಯೆತ್ತರಕ್ಕೆ ಒಂದು ತೆಳು ಹಗ್ಗ ಕಟ್ಟಿ. ನೇರವಾಗಿ ಕಟ್ಟಬೇಡಿ; ಬೇರಿನ ಕೆಳಗೆ, ಕಾಂಡದ ಸುತ್ತ, ಒಂದೆಡೆ ನೆಲಕ್ಕೆ ತಾಗುವಂತೆ ಒಯ್ಯಿರಿ. ನಡುನಡುವೆ ರಟ್ಟಿನಿಂದ ಕತ್ತರಿಸಿದ ಬಾಣಗಳನ್ನು ಸಿಕ್ಕಿಸಿ. ಮೊದಲ ಸುತ್ತು ಕಣ್ಣು ತೆರೆದು, ಬಾಯಿ ಮುಚ್ಚಿ: ಒಂದೇ ಒಂದು ಮಾತಿಲ್ಲದೆ ಗಾಳಿಯ ಲೆಕ್ಕ, ಹಗ್ಗ, ಗುಳ್ಳೆ, ತೊಂದರೆ ಎಲ್ಲವನ್ನೂ ಸನ್ನೆಯಲ್ಲಿ ನಡೆಸಿ. ಎರಡನೆಯದು ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಎಡಗೈ ಬೆಳಕು, ಬಲಗೈ ಮಾತು. ಮೂರನೆಯದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ತೋಳು ಹಿಡಿದು, ತಳ್ಳು–ಹಿಚುಕು–ಎಳೆ. ದಾರಿಹೋಕರು ನಿಂತು ‘ಇದೇನು ತಮ್ಮಾ, ಹರಕೆಯೇ?’ ಎಂದು ಕೇಳಿದರೂ ಬಾಯಿ ತೆರೆಯಬಾರದು. ಉತ್ತರ ಹೇಳಲು ಕಣ್ಣು ತೆರೆದಿರುವ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಎಡವಿ ಬೀಳದಂತೆ ನೋಡಿಕೊಳ್ಳಲೂ ಅವರು ಬೇಕು.

ಆ ಮೂರನೆಯವರಿಗೆ ಇನ್ನೊಂದು ಕೆಲಸ ಕೊಡಿ. ಯಾವ ಕ್ಷಣದಲ್ಲಾದರೂ ಒಬ್ಬರ ಕೈ ತಟ್ಟಿ, ಕುತ್ತಿಗೆ ಕೊಯ್ಯುವ ಸನ್ನೆಯನ್ನೋ ಹೆಬ್ಬೆರಳನ್ನೋ ಮಾಡಿಸಲಿ. ಎದುರಿನವರು ಕುತ್ತಿಗೆಯ ಸನ್ನೆಗೆ ರೆಗ್ಯುಲೇಟರ್ ಕೊಡುವ ಅಭಿನಯ ಮಾಡಲು, ಹೆಬ್ಬೆರಳಿಗೆ ಮರುಸನ್ನೆ ತೋರಿಸಲು ಎಷ್ಟು ಹೊತ್ತು ಹಿಡಿಯಿತೆಂದು ಗಮನಿಸಲಿ. ಮರುಸನ್ನೆ ಬಾರದೆ ಹೊರಟವರನ್ನು ಅಲ್ಲೇ ತಡೆದು ಹಗ್ಗದ ಮೊದಲ ಮರಕ್ಕೆ ಕಳುಹಿಸಲಿ. ಕೈಗವಸು ತೊಟ್ಟುಕೊಂಡೇ ಇದನ್ನೆಲ್ಲ ಮಾಡಿ. ಬರಿಗೈಯಲ್ಲಿ ಸ್ಪಷ್ಟವಾಗಿದ್ದ ಏಳು ಮತ್ತು ಎಂಟು ದಪ್ಪ ಗವಸಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೆರಳುಗಳನ್ನು ಅಗಲಿಸಿ ಹಿಡಿಯುವುದು ಆಗ ರೂಢಿಯಾಗುತ್ತದೆ. ಹೊಸಬರು ತಂಡಕ್ಕೆ ಸೇರಿದ ದಿನ, ಅವರ ಅನುಭವ ಎಷ್ಟೇ ಇರಲಿ, ಮೂರು ಆಜ್ಞೆಗಳಿಂದ ಮತ್ತೆ ಶುರು ಮಾಡಿ.